ಚೀಲದಲ್ಲಿ ಲ್ಯಾಪ್‌ಟಾಪ್ ಏಕೆ ಹೊರಡುತ್ತದೆ?

ಪ್ರಶ್ನೆ: ನಾನು ವೆಬ್ ಡೆವಲಪರ್. ಬೆಂಗಳೂರಿನಲ್ಲಿ ಆರು ವರ್ಷ ಕೆಲಸ ಮಾಡಿ, ಅಪ್ಪನ ಅನಾರೋಗ್ಯದ ಕಾರಣ ಒಂದೂವರೆ ವರ್ಷದ ಹಿಂದೆ ಕೊಪ್ಪಳಕ್ಕೆ ಮರಳಿದ್ದೇನೆ. ಅದೇ ಕಂಪನಿಗೆ ಮನೆಯಿಂದ ಕೆಲಸ. ಗ್ರಾಹಕರು ಅಮೆರಿಕದ ಪಶ್ಚಿಮ ಕರಾವಳಿಯವರು. ಮಹಡಿಯ ಮೇಲಿನ ಕೋಣೆಯನ್ನು ಕಚೇರಿ ಮಾಡಿಕೊಂಡಿದ್ದೇನೆ. ಮಾರ್ಚ್ ಬಂತೆಂದರೆ ಸಂಜೆ ಅಲ್ಲಿ ಕೂರಲಾಗುವುದಿಲ್ಲ. "ಮಗಳು ಮನೆಯಲ್ಲೇ ಇದ್ದಾಳಲ್ಲ" ಎಂದು ಮನೆಯ ಎಲ್ಲ ಕೆಲಸವೂ ನನ್ನ ಪಾಲಿಗೆ ಬರುತ್ತದೆ. ವಾರದ ಕೊನೆಗೆ ಆನೆಗೊಂದಿ, ಇಟಗಿ ಎಂದು ಹೊರಟರೂ ಲ್ಯಾಪ್‌ಟಾಪ್ ಜೊತೆಗೇ ಇರುತ್ತದೆ. ಎರಡು ಬಾರಿ ಅರ್ಧ ದಾರಿಯಿಂದ ಮರಳಿದ್ದೇನೆ. ಮುಂದಿನ ತಿಂಗಳು ಹಿರೇಬೆಣಕಲ್‌ಗೆ ಹೋಗುವ ಆಸೆಯಿದೆ, ಅದೂ ಹೀಗೆಯೇ ಆದೀತೆಂಬ ಅಂಜಿಕೆ. ದೊಡ್ಡ ಮೇಜು, ಒಳ್ಳೆಯ ಕುರ್ಚಿ ಕೊಂಡರೆ ಸರಿಹೋದೀತೆ? ಬೆಂಗಳೂರಿಗೆ ಮರಳಬೇಕೆ? ಇಲ್ಲಿದ್ದು ಕೆಲಸದಲ್ಲಿ ಹಿಂದೆ ಬೀಳುತ್ತಿದ್ದೇನೆಯೆ?
– ಓದುಗರು, ಕೊಪ್ಪಳ

ಉತ್ತರ: ಅರ್ಧ ದಾರಿಯಿಂದ ಎರಡು ಬಾರಿ ಮರಳಿದೆ ಎಂಬ ನಿಮ್ಮ ಸಾಲು ಓದಿದಾಗ ನನಗೆ ಸಂಡೂರಿನ ಒಂದು ಶನಿವಾರ ನೆನಪಾಯಿತು. ನಾನು ಬಳ್ಳಾರಿಗೆ ಮರಳಿ ಎರಡನೆಯ ವರ್ಷ. ಜೀನ್ಸ್ ಹೊಲಿಯುವ ಒಂದು ಸಣ್ಣ ಘಟಕಕ್ಕೆ ಆರ್ಡರ್ ತೆಗೆದುಕೊಳ್ಳುವ ಜಾಲತಾಣ ಮಾಡಿಕೊಟ್ಟಿದ್ದೆ. ಶುಕ್ರವಾರ ಸಂಜೆ ಆರು ಗಂಟೆಗೆ ಒಂದು ಚಿಕ್ಕ ಬದಲಾವಣೆ ಮಾಡಿ ಎದ್ದೆ. ಮರುದಿನ ಅಕ್ಕನ ಮಕ್ಕಳನ್ನು ಕರೆದುಕೊಂಡು ಕುಮಾರಸ್ವಾಮಿ ದೇವಸ್ಥಾನ ಮುಗಿಸಿ, ನಾರಿಹಳ್ಳದ ಅಣೆಕಟ್ಟಿನ ಕಡೆ ತಿರುಗಿದ್ದೆವಷ್ಟೇ, ಫೋನ್ ಬಂತು. ಚಿಕ್ಕ ಪರದೆಯ ಮೊಬೈಲ್‌ಗಳಲ್ಲಿ ಹಣ ಪಾವತಿಸುವ ಬಟನ್ ಕೆಳಗಿನ ಪಟ್ಟಿಯ ಹಿಂದೆ ಅಡಗಿಬಿಟ್ಟಿತ್ತು. ಚಹಾ ಅಂಗಡಿಯೊಂದರ ಬೆಂಚಿನ ಮೇಲೆ ಮೂರು ಗಂಟೆ ಕುಳಿತೆ. ತಪ್ಪು ಇದ್ದದ್ದು ನಾಲ್ಕು ಸಾಲಿನಲ್ಲಿ. ಮಕ್ಕಳು ಗಾಡಿಯಲ್ಲೇ ನಿದ್ದೆ ಹೋದರು, ನೀರು ನೋಡದೆ ಊರಿಗೆ ಮರಳಿದೆವು.

ಆ ದಿನ ಲ್ಯಾಪ್‌ಟಾಪ್ ಜೊತೆಗಿತ್ತು, ಅದರಿಂದಲೇ ಕೆಲಸ ಉಳಿಯಿತು ಎಂದು ಬಹಳ ದಿನ ಅಂದುಕೊಂಡಿದ್ದೆ. ಈಗ ಹಾಗೆ ತಿಳಿಯುವುದಿಲ್ಲ. ಶುಕ್ರವಾರದ ಬದಲಾವಣೆಯನ್ನು ಯಾರು ಬೇಕಾದರೂ ಎರಡು ನಿಮಿಷದಲ್ಲಿ ಹಿಂದಕ್ಕೆ ಸರಿಸುವ ಏರ್ಪಾಡು ಇದ್ದಿದ್ದರೆ ಫೋನಿನಲ್ಲೇ ಮಾತು ಮುಗಿಯುತ್ತಿತ್ತು. ನಿಮ್ಮ ಚೀಲದಲ್ಲಿ ಲ್ಯಾಪ್‌ಟಾಪ್ ಹೊರಡುತ್ತಿರುವುದು ನಿಮಗೆ ಶಿಸ್ತು ಕಡಿಮೆ ಎಂಬ ಕಾರಣಕ್ಕಲ್ಲ. ನೀವಿಲ್ಲದೆ ನಡೆಯಲಾರದಂತೆ ಕೆಲಸವನ್ನು ಕಟ್ಟಲಾಗಿದೆ. ಅದನ್ನು ಸರಿಪಡಿಸುವ ಬಗೆಯನ್ನು ಮುಂದೆ ಹೇಳುತ್ತೇನೆ. ಮೊದಲು ಕೋಣೆ, ಏಕೆಂದರೆ ಬೇಸಿಗೆ ನಿಮ್ಮನ್ನು ಕಾಯುವುದಿಲ್ಲ.

ಕುರ್ಚಿ ಕೊಳ್ಳುವ ಮುಂಚೆ ಕೋಣೆ ಬದಲಿಸಿ. ಕಾಂಕ್ರೀಟ್ ಚಾವಣಿ ಹಗಲೆಲ್ಲ ಬಿಸಿಲು ಕುಡಿದು, ಕೆಲವು ಗಂಟೆ ತಡವಾಗಿ ಆ ಕಾವನ್ನು ಕೋಣೆಯೊಳಗೆ ಬಿಡುತ್ತದೆ. ಹೀಗಾಗಿ ಮೇಲಿನ ಮಹಡಿ ಮಧ್ಯಾಹ್ನ ಹನ್ನೆರಡಕ್ಕಿಂತ ಸಂಜೆ ಐದರಿಂದ ರಾತ್ರಿ ಹತ್ತರವರೆಗೆ ಹೆಚ್ಚು ಬೇಯುತ್ತದೆ. ನಿಮ್ಮ ಗ್ರಾಹಕರು ಎದ್ದು ಮಾತಿಗೆ ಬರುವುದೂ ಆ ಹೊತ್ತಿನ ಕೊನೆಗೇ. ಬೆಂಗಳೂರಿನಲ್ಲಿ ಮೇಲಿನ ಕೋಣೆ ಎಂದರೆ ಗಾಳಿ, ಬೆಳಕು. ನಮ್ಮ ಸೀಮೆಯಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಪಾದರಸ 40 ಡಿಗ್ರಿ ದಾಟುವುದು ವಾಡಿಕೆ. ನಮ್ಮ ಹಿರಿಯರು ಮಣ್ಣಿನ ಮಾಳಿಗೆ ಹಾಕಿ, ಗೋಡೆಯನ್ನು ಮೊಳಗಟ್ಟಲೆ ದಪ್ಪ ಕಟ್ಟಿ, ಬೆಳಕಿಗೆ ಗವಾಕ್ಷಿ ಬಿಟ್ಟದ್ದು ಇದಕ್ಕಾಗಿ. ಕೆಳಗಿನ ಮನೆಯಲ್ಲಿ ಉತ್ತರಕ್ಕೋ ಪೂರ್ವಕ್ಕೋ ಕಿಟಕಿಯಿರುವ, ಕಲ್ಲು ಹಾಸಿದ ನೆಲದ ಮೂಲೆ ಸಿಕ್ಕರೆ, ಅದು ಎಷ್ಟೇ ಚಿಕ್ಕದಿರಲಿ, ಅಲ್ಲಿಗೆ ಇಳಿಯಿರಿ. ಪಡಸಾಲೆಯ ಒಂದು ಕೊನೆಗೆ ಪರದೆ ಕಟ್ಟಿದರೂ ಆದೀತು. ಪಶ್ಚಿಮದ ಗೋಡೆಗೆ ಮೇಜು ಒರಗಿಸಬೇಡಿ. ನಾನು ಒಂದು ಬೇಸಿಗೆ ಹಾಗೆ ಮಾಡಿ, ಸದಾ ಚಾರ್ಜಿಗೆ ಹಾಕಿಟ್ಟಿದ್ದ ಲ್ಯಾಪ್‌ಟಾಪಿನ ಬ್ಯಾಟರಿ ಉಬ್ಬಿ ಕೀಲಿಮಣೆಯೇ ಮೇಲೆದ್ದಿತ್ತು. ಶಾಖ ಮತ್ತು ಪೂರ್ತಿ ಚಾರ್ಜ್ ಎರಡೂ ಕೂಡಿದರೆ ಲಿಥಿಯಂ ಬ್ಯಾಟರಿಗೆ ಕೇಡು. ನಿಮ್ಮ ಯಂತ್ರದಲ್ಲಿ ಚಾರ್ಜನ್ನು 80 ಶೇಕಡಾಕ್ಕೆ ನಿಲ್ಲಿಸುವ ಆಯ್ಕೆ ಇದ್ದರೆ ಇವತ್ತೇ ಹಾಕಿ.

ಮೇಲಿನ ಕೋಣೆ ಬಿಟ್ಟು ಬೇರೆ ದಾರಿಯೇ ಇಲ್ಲದಿದ್ದರೆ, ಫೆಬ್ರುವರಿ ಮುಗಿಯುವುದರೊಳಗೆ ಚಾವಣಿಗೆ ಎರಡು ಕೈ ಸುಣ್ಣ ಹೊಡೆಸಿ. ಬಿಳಿ ಬಣ್ಣ ಬಿಸಿಲನ್ನು ಹಿಂದಕ್ಕೆ ಕಳಿಸುತ್ತದೆ. ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ತಂಪು ಕೊಡುವ ಉಪಾಯ ನಾನು ಬೇರೆ ಕಂಡಿಲ್ಲ. ನಮ್ಮದು ಒಣ ಸೆಕೆಯಾದ್ದರಿಂದ ನೀರಿನ ಕೂಲರ್ ಇಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ ಎದುರಿನ ಕಿಟಕಿ ತೆರೆದಿರಬೇಕು. ಮುಚ್ಚಿದ ಕೋಣೆಯಲ್ಲಿ ಕೂಲರ್ ಹಾಕಿದರೆ ಗಾಳಿ ಒದ್ದೆಯಾಗಿ ಮೈ ಅಂಟುತ್ತದೆಯೇ ಹೊರತು ತಣಿಯುವುದಿಲ್ಲ. ಮಳೆಗಾಲದಲ್ಲಿ ಅದನ್ನು ನೆಚ್ಚಬೇಡಿ.

ಕರೆಂಟು ಹೋದಾಗ ಬೇಕಾಗುವ ವಿದ್ಯುತ್ತಿನ ಲೆಕ್ಕವನ್ನು ಅಂಗಡಿಯವರಿಗೆ ಬಿಡದೆ ನೀವೇ ಮಾಡಿ. 12 ವೋಲ್ಟ್‌ನ 150 ಆಂಪಿಯರ್-ಅವರ್ ಬ್ಯಾಟರಿ ಎಂದರೆ ಕಾಗದದ ಮೇಲೆ 1800 ವಾಟ್-ಅವರ್. ಪೂರ್ತಿ ಖಾಲಿ ಮಾಡಬಾರದು, ಇನ್ವರ್ಟರಿನಲ್ಲಿ ಸ್ವಲ್ಪ ನಷ್ಟವೂ ಇದೆ. ಕೈಗೆ ಸಿಗುವುದು ಸಾವಿರ, ಸಾವಿರದ ಇನ್ನೂರು ಎಂದು ಹಿಡಿಯಿರಿ. ಲ್ಯಾಪ್‌ಟಾಪಿಗೆ 60, ಮಾನಿಟರಿಗೆ 25, ರೂಟರ್ ಮತ್ತು ಫೈಬರ್ ಪೆಟ್ಟಿಗೆಗೆ 15, ಹಳೆಯ ಫ್ಯಾನಿಗೆ 75 ವಾಟ್: ಒಟ್ಟು 175. ಸುಮಾರು ಆರು ಗಂಟೆ ನಡೆಯುತ್ತದೆ. ಫ್ಯಾನೊಂದನ್ನು 30 ವಾಟಿನ ಬಿಎಲ್‌ಡಿಸಿ ಫ್ಯಾನಿಗೆ ಬದಲಿಸಿದರೆ ಎಂಟು ಗಂಟೆಯಾಗುತ್ತದೆ. ದೊಡ್ಡ ಬ್ಯಾಟರಿ ಕೊಳ್ಳುವುದಕ್ಕಿಂತ ಫ್ಯಾನ್ ಬದಲಿಸುವುದು ಅಗ್ಗ. ಬೇಸಿಗೆಯಲ್ಲಿ ಟ್ಯೂಬುಲಾರ್ ಬ್ಯಾಟರಿಯ ಡಿಸ್ಟಿಲ್ಡ್ ನೀರು ಬೇಗ ಇಳಿಯುತ್ತದೆ, ತಿಂಗಳಿಗೊಮ್ಮೆ ನೋಡಿ. ಫೈಬರ್ ಕಡಿದ ದಿನಕ್ಕೆ ಬೇರೆ ಕಂಪನಿಯ ಮೊಬೈಲ್ ಸಿಮ್ ಇರಲಿ. ಜನವರಿಯಲ್ಲಿ ಗವಿಮಠದ ಜಾತ್ರೆಗೆ ಲಕ್ಷಾಂತರ ಜನ ಸೇರುವ ದಿನಗಳಲ್ಲಿ ಮಾತ್ರ ಆ ಸಿಮ್ಮನ್ನೂ ನಂಬಿಕೊಂಡು ಮುಖ್ಯ ಸಭೆ ಇಟ್ಟುಕೊಳ್ಳಬೇಡಿ. ಜಾತ್ರೆಗೆ ರಜೆಯನ್ನೇ ಹಾಕಿ, ತೇರು ನೋಡಿ.

ಮೇಜು, ಕುರ್ಚಿಯ ಮಾತು ಬೇಗ ಮುಗಿಯುತ್ತದೆ. ಟೈಪ್ ಮಾಡುವಾಗ ಮೊಣಕೈ ಮೇಜಿನ ಮಟ್ಟಕ್ಕೆ ಇರಬೇಕು, ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕೆ, ದೂರ ಒಂದು ತೋಳಿನಷ್ಟು. ಪಾದ ನೆಲಕ್ಕೆ ತಾಗಬೇಕು. ತಾಗದಿದ್ದರೆ ಒಂದು ಮಣೆ ಇಟ್ಟುಕೊಳ್ಳಿ. ಕಿಟಕಿ ನಿಮ್ಮ ಪಕ್ಕಕ್ಕಿರಲಿ. ಬೆನ್ನಿಗಿದ್ದರೆ ಪರದೆ ಹೊಳೆಯುತ್ತದೆ, ಎದುರಿಗಿದ್ದರೆ ಕಣ್ಣು ಕುಕ್ಕುತ್ತದೆ. ಲ್ಯಾಪ್‌ಟಾಪನ್ನು ಎತ್ತರಕ್ಕಿಟ್ಟು ಬೇರೆ ಕೀಲಿಮಣೆ ಜೋಡಿಸುವುದು ದುಬಾರಿ ಕುರ್ಚಿಗಿಂತ ಕುತ್ತಿಗೆಗೆ ಹೆಚ್ಚು ಉಪಕಾರಿ.

"ಮಗಳು ಮನೆಯಲ್ಲೇ ಇದ್ದಾಳಲ್ಲ" ಎಂಬ ಮಾತಿಗೆ ಬರುತ್ತೇನೆ. ಇದು ನನಗೆ ಸಿಟ್ಟು ತರಿಸುವ ಮಾತು, ಆದರೆ ಸಿಟ್ಟಿನಿಂದ ಬಗೆಹರಿಯುವುದಲ್ಲ. ಮನೆಯವರ ಕಣ್ಣಿಗೆ ಕಾಣುವುದು ಪರದೆಯ ಮುಂದೆ ಸುಮ್ಮನೆ ಕುಳಿತ ಮಗಳು. ಹೊಲಕ್ಕೆ ಹೋದವರು, ಅಂಗಡಿಗೆ ಹೋದವರು, ಶಾಲೆಗೆ ಹೋದವರು ಕೆಲಸದಲ್ಲಿದ್ದಾರೆಂದು ಗೊತ್ತಾಗುವುದು ಅವರು ಹೊಸ್ತಿಲು ದಾಟಿದ್ದರಿಂದ. ನಿಮ್ಮ ಕೆಲಸಕ್ಕೆ ಹೊಸ್ತಿಲಿಲ್ಲ. ನಮ್ಮ ಅವ್ವನಿಗೆ ನಾನು ಎಷ್ಟು ವಿವರಿಸಿದರೂ ಆಗಲಿಲ್ಲ. ಒಂದು ದಿನ ಪಕ್ಕದಲ್ಲಿ ಕೂರಿಸಿಕೊಂಡು, ಒಂದು ಗಂಟೆಯ ಸಭೆ ಪೂರ್ತಿ ತೋರಿಸಿದೆ. ಎಂಟು ಮುಖಗಳು, ಒಬ್ಬರಾದ ಮೇಲೊಬ್ಬರು ನನ್ನನ್ನೇ ಪ್ರಶ್ನೆ ಕೇಳುತ್ತಿದ್ದರು. "ಇಷ್ಟು ಮಂದಿ ನಿನ್ನ ದಾರಿ ಕಾಯುತ್ತಾರಾ?" ಎಂದಳು. ಅಂದಿನಿಂದ ಬಾಗಿಲು ಮುಂದೆ ಮಾಡಿದ್ದರೆ ಯಾರೂ ತಳ್ಳುವುದಿಲ್ಲ.

ಇನ್ನೊಂದು ಕಡೆಯಿಂದಲೂ ನೋಡಿ. ನೀವು ಮರಳಿದ್ದೇ ಅಪ್ಪನಿಗಾಗಿ. ಹಾಗಾಗಿ ಅಪ್ಪನ ಹೊತ್ತು ಯಾವುದು ಎಂಬುದು ಮೊದಲು ನಿಶ್ಚಯವಾಗಲಿ: ಬೆಳಗಿನ ಮಾತ್ರೆ, ಮಧ್ಯಾಹ್ನದ ಊಟ, ಸಂಜೆಯ ನಡಿಗೆ. ಅದನ್ನು ಕ್ಯಾಲೆಂಡರಿನಲ್ಲಿ ಸಭೆಯ ಹಾಗೆಯೇ ಗುರುತು ಹಾಕಿ, ಕಂಪನಿಯವರಿಗೂ ಕಾಣಲಿ. ಬಂದವರಿಗೆ ಚಹಾ ಕಾಯಿಸುವುದು, ಗ್ಯಾಸ್ ಸಿಲಿಂಡರಿಗೆ ಕಾಯುವುದು, ತಮ್ಮನ ಅಂಗಿ ಇಸ್ತ್ರಿ ಮಾಡುವುದು ಆ ಪಟ್ಟಿಗೆ ಸೇರುವುದಿಲ್ಲ. ಅಪ್ಪನ ಆರೈಕೆಯ ಹೆಸರಿನಲ್ಲಿ ಇವೆಲ್ಲ ಒಳಗೆ ಬರುತ್ತವೆ. ಬರುವುದು ಹೆಣ್ಣುಮಕ್ಕಳ ಪಾಲಿಗೇ ಹೆಚ್ಚು. ಇದನ್ನು ಮನೆಯಲ್ಲಿ ಒಮ್ಮೆ ಬಾಯಿಬಿಟ್ಟು ಹೇಳಲೇಬೇಕು.

ಈಗ ಚೀಲದ ವಿಷಯ. ಗಡಿಯಾರದ ಲೆಕ್ಕ ಮೊದಲು ಸರಿಯಾಗಿ ಹಾಕಿ. ಅಮೆರಿಕದ ಪಶ್ಚಿಮ ಕರಾವಳಿಗೂ ನಮಗೂ ಅವರ ಬೇಸಿಗೆಯಲ್ಲಿ ಹನ್ನೆರಡೂವರೆ ಗಂಟೆ, ಚಳಿಗಾಲದಲ್ಲಿ ಹದಿಮೂರೂವರೆ ಗಂಟೆ ಅಂತರ. ಅವರ ಶುಕ್ರವಾರ ಸಂಜೆ ಐದು ಎಂದರೆ ನಮ್ಮ ಶನಿವಾರ ಬೆಳಗಿನ ಐದೂವರೆ ಅಥವಾ ಆರೂವರೆ. ನೀವು ಬಸ್ಸು ಹತ್ತುವ ಹೊತ್ತಿಗೆ ಅವರು ಮನೆಗೆ ಹೊರಟಿರುತ್ತಾರೆ. ಅಂದರೆ ಶನಿವಾರ ಬರುವ ತೊಂದರೆಯ ಬೀಜ ಬಿತ್ತಿರುವುದು ಅವರ ಶುಕ್ರವಾರ ಮಧ್ಯಾಹ್ನ. ಅವಸರದಲ್ಲಿ ಒಂದು ಬದಲಾವಣೆ ಬಿಟ್ಟು ಅವರು ಏಳುತ್ತಾರೆ, ಅದು ಒಡೆದಾಗ ಎಚ್ಚರವಿರುವವರು ನೀವು.

ಆದ್ದರಿಂದ ತಂಡದಲ್ಲಿ ಒಂದು ಮಾತು ಗಟ್ಟಿ ಮಾಡಿಸಿ: ಹೊಸ ಬದಲಾವಣೆ ಬಳಕೆದಾರರ ಕೈಗೆ ಹೋಗುವುದು ಅವರ ಗುರುವಾರದ ಒಳಗೆ. ಶುಕ್ರವಾರವೇನಿದ್ದರೂ, ಆಗಲೇ ಬಿಟ್ಟದ್ದನ್ನು ಗಮನಿಸುವ ದಿನ. ಇದನ್ನು ನಿಮ್ಮ ಪ್ರವಾಸದ ಹೆಸರಿನಲ್ಲಿ ಕೇಳಬೇಡಿ, ಕೊಡುವುದಿಲ್ಲ. ಕಳೆದ ಆರು ತಿಂಗಳಲ್ಲಿ ವಾರಾಂತ್ಯದಲ್ಲಿ ಎಷ್ಟು ಸಲ ತಾಣ ಕೆಟ್ಟಿತು, ಅವುಗಳಲ್ಲಿ ಎಷ್ಟು ಶುಕ್ರವಾರ ಬಿಟ್ಟ ಬದಲಾವಣೆಯಿಂದ ಆದವು ಎಂಬುದನ್ನು ಕೋಡಿನ ಪ್ರತಿ ಬದಲಾವಣೆಯನ್ನೂ ಬರೆದಿಡುವ ಗಿಟ್ ದಾಖಲೆಯಿಂದ ಎಣಿಸಿ, ಒಂದು ಪುಟದಲ್ಲಿ ಮುಂದಿಡಿ. ನಾನು ಕೆಲಸ ಮಾಡಿದ ಕಡೆ ಈ ಎಣಿಕೆ ಕಂಡ ಮೇಲೆ ಯಾವ ಮುಖ್ಯಸ್ಥರೂ ವಾದಿಸಲಿಲ್ಲ.

ಎರಡನೆಯದು, ಹಿಂದಕ್ಕೆ ಸರಿಸುವ ದಾರಿ. ಹೊಸ ಭಾಗಕ್ಕೆ ಒಂದು ಸ್ವಿಚ್ ಇರಲಿ. ಕೋಡ್ ಮುಟ್ಟದೆ ಅದನ್ನು ಆರಿಸಲು ಬರಬೇಕು. ಹಿಂದಿನ ಆವೃತ್ತಿಗೆ ಮರಳುವ ಆದೇಶ ಒಂದೇ ಸಾಲಿನದಾಗಿರಬೇಕು, ಅದು ಎಲ್ಲಿದೆ ಎಂದು ಕನಿಷ್ಠ ಮೂವರಿಗೆ ತಿಳಿದಿರಬೇಕು. ಡೇಟಾಬೇಸಿನ ಬದಲಾವಣೆಯೂ ಜೊತೆಗಿದ್ದರೆ ಹಳೆಯ ಕೋಡ್ ಹೊಸ ಕೋಷ್ಟಕದ ಮೇಲೂ ನಡೆಯುವಂತೆ ಎರಡು ಹಂತದಲ್ಲಿ ಮಾಡಿ. ಮೊದಲು ಹೊಸ ಅಂಕಣ ಸೇರಿಸಿ, ಹಳೆಯದನ್ನು ವಾರ ಕಳೆದ ಮೇಲೆ ತೆಗೆಯಿರಿ. ಸರಿಪಡಿಸುವುದು ಸೋಮವಾರದ ಕೆಲಸವಾಗಲಿ. ಶನಿವಾರ ಬೇಕಾದದ್ದು ಹಿಂದಕ್ಕೆ ಸರಿಸುವುದು ಮಾತ್ರ, ಅದಕ್ಕೆ ನೀವೇ ಆಗಬೇಕಿಲ್ಲ.

ಮೂರನೆಯದನ್ನು ಹೆಚ್ಚಿನವರು ಮಾಡುವುದಿಲ್ಲ, ನನಗೆ ಅದೇ ಎಲ್ಲಕ್ಕಿಂತ ಮುಖ್ಯವೆನಿಸುತ್ತದೆ. ನಿಮ್ಮ ಗೈರುಹಾಜರಿಯನ್ನು ಶನಿವಾರ ಮೊದಲ ಬಾರಿಗೆ ಪರೀಕ್ಷಿಸಬೇಡಿ, ಬುಧವಾರ ಪರೀಕ್ಷಿಸಿ. ಎಲ್ಲರೂ ಕೆಲಸದಲ್ಲಿರುವ ಒಂದು ಬುಧವಾರ ರಜೆ ಹಾಕಿ, ಫೋನನ್ನೂ ಬಂದ್ ಮಾಡಿ. ಏನಾದರೂ ನಿಂತರೆ ಎಲ್ಲಿ ನಿಂತಿತು, ಯಾವ ಪಾಸ್‌ವರ್ಡ್ ನಿಮ್ಮೊಬ್ಬರ ಬಳಿಯೇ ಇತ್ತು, ಯಾವ ಮಾಹಿತಿ ನಿಮ್ಮ ತಲೆಯಲ್ಲಿ ಮಾತ್ರ ಇತ್ತು ಎಂದು ಗುರುವಾರ ಬರೆಯಿರಿ. ಅಂಥ ಮೂರು ನಾಲ್ಕು ಬುಧವಾರಗಳಾದ ಮೇಲೆ ಲ್ಯಾಪ್‌ಟಾಪ್ ತಾನಾಗಿಯೇ ಮನೆಯಲ್ಲಿ ಉಳಿಯುತ್ತದೆ. ನನಗೆ ಐದು ಬೇಕಾದವು. ತುರ್ತಿನ ಕರೆಗೆ ತಂಡದಲ್ಲಿ ಸರದಿ ಇರಲಿ. ನಿಮ್ಮ ಸರದಿಯ ವಾರ ಊರಲ್ಲೇ ಇರಿ, ಉಳಿದ ವಾರ ನೀವು ಸಿಗುವುದಿಲ್ಲ.

ಹಿಂದೆ ಬೀಳುತ್ತಿದ್ದೇನೆಯೆ ಎಂದು ಕೇಳಿದ್ದೀರಿ. ಬೆಂಗಳೂರಿನ ಕಚೇರಿಯಲ್ಲಿ ಪಕ್ಕದ ಮೇಜಿನವರಿಂದ ಕಿವಿಗೆ ಬೀಳುವ ಎಷ್ಟೋ ವಿಷಯ ಇಲ್ಲಿ ಬೀಳುವುದಿಲ್ಲ, ನಿಜ. ಅದಕ್ಕೆ ವಾರದಲ್ಲಿ ಎರಡು ಗಂಟೆ ಕಲಿಕೆಗೆ ಮೀಸಲಿಡಿ, ತಿಂಗಳಿಗೊಮ್ಮೆ ನಿಮಗಿಂತ ಚೆನ್ನಾಗಿ ಬಲ್ಲವರೊಂದಿಗೆ ಕುಳಿತು ಪರಸ್ಪರ ಕೋಡ್ ಓದಿ. ಆದರೆ ಕೊಪ್ಪಳ ಕಲಿಸುವುದನ್ನು ಯಾವ ಹವಾನಿಯಂತ್ರಿತ ಕಚೇರಿಯೂ ಕಲಿಸುವುದಿಲ್ಲ. ಪಠ್ಯಕ್ಕೂ ಹಿನ್ನೆಲೆಗೂ ಕನಿಷ್ಠ 4.5ಕ್ಕೆ 1ರ ಬೆಳಕಿನ ಅಂತರ ಇರಬೇಕೆಂದು, ಜಾಲತಾಣಗಳು ಎಲ್ಲರಿಗೂ ಬಳಸಲು ಬರುವಂತಿರಲಿ ಎಂದು ಮಾಡಿದ ಡಬ್ಲ್ಯುಸಿಎಜಿ ಮಾರ್ಗಸೂಚಿ ಹೇಳುತ್ತದೆ. ನಾನು ಅದನ್ನು ವರ್ಷಗಟ್ಟಲೆ ಬಾಯಿಪಾಠದಂತೆ ಪಾಲಿಸಿದೆ. ಬಳ್ಳಾರಿಯ ಬಸ್ ನಿಲ್ದಾಣದ ಹೊರಗೆ, ಮೇ ತಿಂಗಳ ನಡು ಹಗಲು, ಹಿರಿಯರೊಬ್ಬರು ಮೊಬೈಲನ್ನು ಟವೆಲಿನ ನೆರಳಿಗೆ ಹಿಡಿದು ಬೂದು ಬಣ್ಣದ ಅಕ್ಷರ ಓದಲು ಒದ್ದಾಡುವುದನ್ನು ಕಂಡ ದಿನ ಅದು ಏಕೆ ಇದೆ ಎಂದು ಅರ್ಥವಾಯಿತು.

ಕನ್ನಡದ ವಿಷಯವೂ ಹಾಗೆಯೇ. ಕೃಷ್ಣಪ್ಪ ಎಂಬ ಹೆಸರು ನಮ್ಮ ಕಣ್ಣಿಗೆ ಮೂರು ಅಕ್ಷರ. ಕಂಪ್ಯೂಟರ್ ಅಕ್ಷರಗಳನ್ನು ಗುರುತಿಸುವ ಯೂನಿಕೋಡ್ ಲೆಕ್ಕದಲ್ಲಿ ಎಂಟು ಸಂಕೇತಗಳು, ಅವನ್ನು ಉಳಿಸಿಡುವ ಯುಟಿಎಫ್-8 ರೂಪದಲ್ಲಿ 24 ಬೈಟ್. ಹೆಸರಿನ ಜಾಗಕ್ಕೆ 20 ಬೈಟ್ ಮಿತಿ ಹಾಕಿದ ಫಾರ್ಮು ಅವರನ್ನು ಒಳಗೆ ಬಿಡುವುದಿಲ್ಲ, ಏಕೆ ಬಿಡಲಿಲ್ಲ ಎಂದೂ ಹೇಳುವುದಿಲ್ಲ. ಇಂಗ್ಲಿಷಿಗೆ ಹೊಂದಿಸಿದ ಸಾಲಿನ ಎತ್ತರವನ್ನೇ ಕನ್ನಡಕ್ಕೂ ಇಟ್ಟರೆ ಒತ್ತಕ್ಷರಗಳ ಕಾಲು ಕತ್ತರಿಸಿ ಹೋಗುತ್ತದೆ. ನಾನು ಅಕ್ಷರದ ಗಾತ್ರದ 1.6ರಿಂದ 1.8 ಪಟ್ಟು ಇಡುತ್ತೇನೆ. ಅಪ್ಪನ ಫೋನು ಕೇಳಿ ತೆಗೆದುಕೊಂಡು, ನೀವು ಮಾಡಿದ ಪುಟವನ್ನು ಅಂಗಳದ ಬಿಸಿಲಿನಲ್ಲಿ ತೆರೆದು ನೋಡಿ. ಅಮೆರಿಕದ ಗ್ರಾಹಕರಿಗೂ ಬಿಸಿಲಿದೆ, ವಯಸ್ಸಾದ ಕಣ್ಣುಗಳಿವೆ, ನಿಧಾನವಾದ ಸಂಪರ್ಕವಿದೆ. ಇಲ್ಲಿ ಗಟ್ಟಿಯಾಗಿ ನಿಂತ ಪುಟ ಅಲ್ಲಿಯೂ ನಿಲ್ಲುತ್ತದೆ. ಈ ಬಗೆಯ ತಪ್ಪುಗಳನ್ನು ಹಿಡಿದು ತಂಡದ ಮುಂದಿಡುವ ಡೆವಲಪರ್ ಹಿಂದೆ ಬಿದ್ದವರಲ್ಲ.

ಬೆಂಗಳೂರಿಗೆ ಮರಳುವ ನಿರ್ಧಾರವನ್ನು ಒಂದು ಪೂರ್ತಿ ಬೇಸಿಗೆ ಕೆಳಗಿನ ಕೋಣೆಯಲ್ಲಿ ಕಳೆದ ಮೇಲೆ ತೆಗೆದುಕೊಳ್ಳಿ. ಈಗ ನಿಮ್ಮನ್ನು ಓಡಿಸುತ್ತಿರುವುದು ಚಾವಣಿಯ ಕಾವು ಮತ್ತು ಶುಕ್ರವಾರದ ಅವಸರ. ಎರಡನೆಯದು ಬೆಂಗಳೂರಿಗೂ ಬೆನ್ನಟ್ಟಿ ಬರುತ್ತದೆ.

ಇನ್ನು ತಿರುಗಾಟ. ಇಟಗಿಗೆ ಹೋಗುವಾಗ ಕುಕನೂರನ್ನು ಸೇರಿಸಿಕೊಳ್ಳಿ, ಒಂದೇ ದಿನದಲ್ಲಿ ಎರಡೂ ಆಗುತ್ತವೆ. ಕುಕನೂರಿನ ನವಲಿಂಗ ಗುಡಿಗಳು ರಾಷ್ಟ್ರಕೂಟರ ಕಾಲದವು. ಇಟಗಿಯ ಮಹಾದೇವ ದೇವಾಲಯವನ್ನು ಕಲ್ಯಾಣ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ 1112ರಲ್ಲಿ ಕಟ್ಟಿಸಿದ. ಅಲ್ಲಿನ ಶಾಸನ ಅದನ್ನು ದೇವಾಲಯ ಚಕ್ರವರ್ತಿ ಎಂದೇ ಕರೆದಿದೆ. ಮೊದಲು ಕುಕನೂರು ನೋಡಿ, ಆಮೇಲೆ ಇಟಗಿ. ಮರಳುಗಲ್ಲಿನ ಗಟ್ಟಿ ಸರಳ ಗೋಡೆಗಳನ್ನು ಕಂಡ ಕಣ್ಣಿಗೆ ಬಳಪದ ಕಲ್ಲಿನ ಕಂಬಗಳ ನುಣುಪು ಹೆಚ್ಚು ತಿಳಿಯುತ್ತದೆ. ಅವ್ವನನ್ನೂ ಕರೆದುಕೊಂಡು ಹೋಗಿ. ಸಾಮಾನ್ಯ ಸಾರಿಗೆ ಬಸ್ಸಿನಲ್ಲಿ ಶಕ್ತಿ ಯೋಜನೆಯಿಂದ ನಿಮ್ಮಿಬ್ಬರಿಗೂ ಟಿಕೆಟಿನ ಖರ್ಚಿಲ್ಲ. ದೂರ ಹೋಗಲಾಗದ ವಾರ ಊರಲ್ಲೇ ಪಾಲ್ಕಿಗುಂಡು ಇದೆ. ಬೆಳಗಿನ ತಂಪಿನಲ್ಲಿ ಹತ್ತಿ ಅಶೋಕನ ಶಾಸನ ನೋಡಿ, ಇಳಿದು ಮಂಡಕ್ಕಿ ಒಗ್ಗರಣೆ, ಮಿರ್ಚಿ ತಿಂದು ಅಪ್ಪನ ಮಾತ್ರೆಯ ಹೊತ್ತಿಗೆ ಮನೆಯಲ್ಲಿರಬಹುದು.

ಹಿರೇಬೆಣಕಲ್‌ಗೆ ಮಾತ್ರ ಇಡೀ ದಿನ ಕೊಡಿ. ಊರಿನವರು ಮೋರ್ಯರ ಗುಡ್ಡ ಎನ್ನುವ ಆ ಬೆಟ್ಟದ ಮೇಲೆ ಸುಮಾರು ನಾನೂರು ಶಿಲಾ ಸಮಾಧಿಗಳಿವೆ, ಎರಡು ಸಾವಿರ ವರ್ಷಕ್ಕೂ ಹಿಂದಿನವು. 2021ರಲ್ಲಿ ಯುನೆಸ್ಕೊದ ಸಂಭಾವ್ಯ ಪಟ್ಟಿಗೂ ಸೇರಿತು. ನಗಾರಿಯ ಆಕಾರದ ದೊಡ್ಡ ಬಂಡೆಯೊಂದಿದೆ, ಬಡಿದರೆ ನಾದ ಬರುತ್ತದೆ. ಡಿಸೆಂಬರ್, ಜನವರಿ ಒಳ್ಳೆಯ ಕಾಲ. ಗಂಗಾವತಿಯ ದಾರಿ ಹಿಡಿದು ನಸುಕಿನಲ್ಲೇ ಹೊರಡಿ, ಬಿಸಿಲೇರುವ ಮುಂಚೆ ಮೇಲಿರಬೇಕು. ಬಂಡೆಗಳ ಮೇಲೆ ನಡೆಯಬೇಕಾದ್ದರಿಂದ ಚಪ್ಪಲಿ ಬೇಡ, ಹಿಡಿತವಿರುವ ಬೂಟು ಹಾಕಿ. ದಾರಿ ಬಲ್ಲ ಊರಿನವರೊಬ್ಬರನ್ನು ಜೊತೆಗೆ ಕರೆದುಕೊಳ್ಳಿ, ಗೆಳತಿಯರಿದ್ದರೆ ಇನ್ನೂ ಒಳ್ಳೆಯದು. ನಿಲ್ಲಿಸಿದ ಚಪ್ಪಡಿಗಳಿಗೆ ಒರಗಬೇಡಿ, ಮೇಲೆ ಹತ್ತಬೇಡಿ. ಮೇಲೆ ಕುಡಿಯುವ ನೀರು ಸಿಗುವುದಿಲ್ಲ. ಲ್ಯಾಪ್‌ಟಾಪ್ ಇಡುತ್ತಿದ್ದ ಜಾಗದಲ್ಲಿ ಎರಡೆರಡು ಲೀಟರಿನ ಎರಡು ಬಾಟಲಿ ಮತ್ತು ರೊಟ್ಟಿ ಬುತ್ತಿ ಹಿಡಿಯುತ್ತದೆ.